ಅಲೆಕ್ ಟೆಂಪಲ್ಟನ್‌ರ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳು: ಯಾವುದನ್ನು ಮೊದಲು ಕೇಳಬೇಕು, ಹೇಗೆ ಕೇಳಬೇಕು

ಪಿಯಾನೋ ಮುಂದೆ ಕೂತು ಜನರನ್ನು ನಗಿಸಿದವರ ಪೈಕಿ ಟೆಂಪಲ್ಟನ್ ಹಳಬರು. ವೇಲ್ಸ್‌ನ ಕಾರ್ಡಿಫ್‌ನವರು, ಹುಟ್ಟಿನಿಂದಲೇ ದೃಷ್ಟಿಯಿಲ್ಲ. 1936ರಲ್ಲಿ ಜಾಕ್ ಹಿಲ್ಟನ್ ವಾದ್ಯವೃಂದದ ಜತೆ ಅಮೆರಿಕಕ್ಕೆ ಹೋದರು. 1939ಕ್ಕೆ ತಮ್ಮ ಹೆಸರಿನದೇ ರೇಡಿಯೋ ಕಾರ್ಯಕ್ರಮ. ಸ್ಕ್ರಿಪ್ಟನ್ನು ಇಪ್ಪತ್ತು ಸಲ ಓದಿಸಿಕೊಂಡು ಬಾಯಿಪಾಠ ಮಾಡುತ್ತಿದ್ದರಂತೆ. ಕಣ್ಣಿನ ಮಾತು ಇಷ್ಟು ಸಾಕು. ಈ ತಟ್ಟೆಗಳಲ್ಲಿ ನಗು ಬರುವುದು ಸಂಗೀತದ ವ್ಯಾಕರಣವನ್ನು ತಿರುಚುವುದರಿಂದ.

ಮೊದಲು ಕೇಳಬೇಕಾದ್ದು ‘ಬಾಖ್ ಗೋಸ್ ಟು ಟೌನ್’, ಹಳೆಯ ಜರ್ಮನ್ ಸಂಗೀತಕಾರ ಬಾಖ್‌ನ ಧಾಟಿಯ ಫ್ಯೂಗ್. ಫ್ಯೂಗ್ ಎಂದರೆ ಒಂದು ಎಳೆ ಎತ್ತಿಕೊಂಡ ಪಲ್ಲವಿಯನ್ನು ಎರಡನೆಯದು ಪಂಚಮದಲ್ಲಿ ಹಿಡಿಯುವುದು, ಮೊದಲಿನದು ಸುಮ್ಮನಿರದೆ ಜತೆಗೇ ಸಾಗುವುದು. ಟೆಂಪಲ್ಟನ್ ಈ ಕಟ್ಟಡದ ಒಂದು ಇಟ್ಟಿಗೆಯನ್ನೂ ಕದಲಿಸಿಲ್ಲ, ನಡೆ ಮಾತ್ರ ಬದಲಿಸಿದ್ದಾರೆ: ಸಮನಾದ ಎರಡು ಸ್ವರ ಉದ್ದ-ಗಿಡ್ಡವಾಗಿ ತಿಶ್ರದ, ಅಂದರೆ ಮೂರೆಣಿಕೆಯ ನಡೆಯ, ಕಡೆ ವಾಲುತ್ತವೆ. ಮಡಿ ಉಟ್ಟವರು ಮಡಿ ಕೆಡದಂತೆ ಕುಣಿದಂತೆ! ಹೊಸಬರಿಗೆ ಅಮೆರಿಕದ ಜಾಝ್ ವಾದಕ ಬೆನ್ನಿ ಗುಡ್‌ಮನ್ ತಂಡದ 1938ರ ಧ್ವನಿಮುದ್ರಣವೇ ವಾಸಿ. ಅಲ್ಲಿ ಎಳೆಗಳು ಬೇರೆ ಬೇರೆ ವಾದ್ಯಗಳಿಗೆ ಹಂಚಿಹೋಗಿವೆ, ಬಿಡಿಸಿ ಕೇಳುವುದು ಸುಲಭ. ಆಮೇಲೆ ಟೆಂಪಲ್ಟನ್‌ರ ಪಿಯಾನೋಗೆ ಬಂದರೆ, ಅದೆಲ್ಲವನ್ನೂ ಎರಡೇ ಕೈ ಹೇಗೆ ನಿಭಾಯಿಸುತ್ತವೆ ಎಂಬುದು ತಿಳಿಯುತ್ತದೆ.

‘ಮ್ಯಾನ್ ವಿತ್ ದ ನ್ಯೂ ರೇಡಿಯೋ’ ಗುಂಡಿ ತಿರುಗಿಸುತ್ತ ಸ್ಟೇಷನ್ನಿಂದ ಸ್ಟೇಷನ್ನಿಗೆ ಹಾರುವ ಅಣಕ. ಮಜಾ ಇದೆ, ಆದರೆ ಆ ಕಾಲದ ಅಮೆರಿಕನ್ ರೇಡಿಯೋ ಗೊತ್ತಿಲ್ಲದವರಿಗೆ ಅರ್ಧ ಹಾಸ್ಯ ಕೈತಪ್ಪುತ್ತದೆ. ಅವರ ಆಪೆರಾ (ಪಾಶ್ಚಾತ್ಯ ಗೀತನಾಟಕ) ಅಣಕಗಳಿಗೆ ಆ ತೊಂದರೆ ಇಲ್ಲ, ಅತಿಯಾಗಿ ಎಳೆದ ಆಲಾಪ ಯಾವ ಭಾಷೆಯಲ್ಲಾದರೂ ನಗು ತರಿಸುತ್ತದೆ.

ದೊಡ್ಡ ಕೊರತೆ ಕಾಲದ್ದು. ಹತ್ತು ಇಂಚಿನ ತಟ್ಟೆಯ ಒಂದು ಬದಿಗೆ ಸುಮಾರು ಮೂರೇ ನಿಮಿಷ, ಸಭಿಕರ ನಗುವೂ ಇಲ್ಲ. ಸಭಿಕರು ಕೂಗಿದ ಸ್ವರಗಳಿಂದ ಸ್ಥಳದಲ್ಲೇ ಕೃತಿ ಕಟ್ಟುತ್ತಿದ್ದ ಅವರ ನಿಜವಾದ ಜೋರು ತಟ್ಟೆಗೆ ಹಿಡಿಸುವಂಥದಲ್ಲ. ಅದಕ್ಕೆ ಉಳಿದಿರುವ ರೇಡಿಯೋ ಕಂತುಗಳನ್ನೇ ಹುಡುಕಬೇಕು.

ತಟ್ಟೆಯನ್ನೇ ಕೊಳ್ಳುವವರು ಮುಳ್ಳಿನ ವಿಷಯದಲ್ಲಿ ಎಚ್ಚರ. ಎಲ್‌ಪಿ, ಅಂದರೆ ಆಮೇಲೆ ಬಂದ ನಿಧಾನ ವೇಗದ ತಟ್ಟೆಯ, ಮುಳ್ಳು 78ರ ಅಗಲವಾದ ಗೀರಿನ ತಳಕ್ಕಿಳಿದು ಕೊಳೆಯನ್ನೇ ಕೆರೆಯುತ್ತದೆ. 3 ಮಿಲ್, ಅಂದರೆ ಸುಮಾರು 76 ಮೈಕ್ರಾನಿನ ಮುಳ್ಳು ಬೇಕು. ಆರ್‌ಐಎಎ ಕರ್ವ್ (ಎಲ್‌ಪಿಗೆಂದು ಮಾಡಿದ, ಮೇಲಿನ ಸ್ವರ ತಗ್ಗಿಸುವ ಹೊಂದಿಕೆ) ಇರುವ ಪ್ರೀಆಂಪಿನಲ್ಲಿ, ಅಂದರೆ ಮುಳ್ಳಿನ ಸಣ್ಣ ಸದ್ದನ್ನು ಹಿಗ್ಗಿಸುವ ಪೆಟ್ಟಿಗೆಯಲ್ಲಿ, ಪಿಯಾನೋ ಕಂಬಳಿ ಹೊದ್ದಂತೆ ಕೇಳಿದರೆ ತಟ್ಟೆಯನ್ನು ಬಯ್ಯಬೇಡಿ, ಟ್ರೆಬಲ್ ಏರಿಸಿ. ಸ್ಪಿರಿಟ್ ಹಾಕಿ ಒರೆಸಿದರೆ ತಟ್ಟೆಯ ಅರಗೇ ಕರಗುತ್ತದೆ.

ವೇಗವನ್ನೂ ನೋಡಿಕೊಳ್ಳಿ. ನಿಮಿಷಕ್ಕೆ 78ರ ಬದಲು 76 ಸುತ್ತು ತಿರುಗಿದರೆ ಶ್ರುತಿ ಹಾರ್ಮೋನಿಯಂನ ಒಂದು ಮನೆಯ ಅರ್ಧದಷ್ಟು ಇಳಿಯುತ್ತದೆ. ಅಂತರ್ಜಾಲದ ಪ್ರತಿಗಳಿಗೂ ಇದೇ ಪರೀಕ್ಷೆ: ಫೋನಿನ ಟ್ಯೂನರ್ ಆ್ಯಪ್ ಹಿಡಿಯಿರಿ, ಎಲ್ಲ ಸ್ವರಗಳೂ ಒಂದೇ ಅಳತೆಯಲ್ಲಿ ತಗ್ಗಿದ್ದರೆ ನಕಲು ಮಾಡಿದವರ ವೇಗ ತಪ್ಪಿರುವ ಸಂಭವವೇ ಹೆಚ್ಚು. ಸರಸರ ಸದ್ದನ್ನು ಪೂರ್ತಿ ತೆಗೆದ ಪ್ರತಿಗಿಂತ ಸ್ವಲ್ಪ ಉಳಿಸಿದ್ದೇ ಮೇಲು. ಸದ್ದಿನ ಜತೆ ಪಿಯಾನೋದ ಮೇಲಿನ ಸ್ವರಗಳ ಮೊನೆಯೂ ಹೋಗಿರುತ್ತದೆ.