ಪೆನ್ನಿ ರೆಡ್ ಯಾವ ಪ್ಲೇಟಿನದು? ಭೂತಗನ್ನಡಿ, ಮೈಕ್ರೋಸ್ಕೋಪ್, ಸ್ಕ್ಯಾನರ್ ಮೂರರಲ್ಲೂ ನೋಡಿದ ಮೇಲೆ

ನನ್ನ ಹತ್ತಿರ ಬ್ರಿಟನ್ನಿನ ಪೆನ್ನಿ ರೆಡ್, ಅಂದರೆ ಒಂದು ಪೆನ್ನಿಯ ಕೆಂಪು ಅಂಚೆಚೀಟಿಗಳು ಹನ್ನೆರಡಿವೆ. ಎಲ್ಲವೂ 1841ರಿಂದ ಮುಂದಿನ ಹತ್ತು ಹನ್ನೆರಡು ವರ್ಷಗಳವು. ಆಗ ಹಾಳೆಗೆ ತೂತು ಹೊಡೆಯುವ ಪದ್ಧತಿ ಇನ್ನೂ ಬಂದಿರಲಿಲ್ಲ, ಕತ್ತರಿಯಲ್ಲೇ ಕತ್ತರಿಸಿಕೊಳ್ಳಬೇಕಿತ್ತು. ಮೂರು ಚೀಟಿಗಳ ಹಿಂದೆ ಹಳೆಯ ಸಂಗ್ರಾಹಕರು ಯಾರೋ ಪೆನ್ಸಿಲ್‌ನಲ್ಲಿ ಪ್ಲೇಟ್ ನಂಬರ್ ಬರೆದಿದ್ದಾರೆ. ಪ್ಲೇಟ್ ಅಂದರೆ ಇಡೀ ಹಾಳೆಯನ್ನು ಅಚ್ಚು ಹಾಕುವ ಲೋಹದ ಫಲಕ. ಉಳಿದ ಒಂಬತ್ತು ಯಾವ ಪ್ಲೇಟಿನವು ಅನ್ನುವುದು ಗೊತ್ತಿರಲಿಲ್ಲ. ಈ ಮಳೆಗಾಲದಲ್ಲಿ ಅದನ್ನೇ ಹಿಡಿದು ಕೂತೆ. ಪ್ರತಿ ಚೀಟಿಯನ್ನೂ ಮೊದಲು ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ನೋಡಿದೆ. ಆಮೇಲೆ ಕಂಪ್ಯೂಟರಿಗೆ ಸಿಕ್ಕಿಸುವ ಮೈಕ್ರೋಸ್ಕೋಪ್‌ನಲ್ಲಿ, ಕೊನೆಗೆ ಮನೆಯ ಸ್ಕ್ಯಾನರ್‌ನಲ್ಲಿ.

ಈ ಚೀಟಿಗಳಲ್ಲಿ ಒಂದು ಅನುಕೂಲ ಇದೆ. ಹಾಳೆಯಲ್ಲಿ ಚೀಟಿ ಎಲ್ಲಿತ್ತು ಎಂದು ಚೀಟಿಯೇ ಹೇಳುತ್ತದೆ. ಒಂದು ಹಾಳೆಯಲ್ಲಿ 20 ಸಾಲು, ಸಾಲಿಗೆ 12, ಒಟ್ಟು 240 ಚೀಟಿ. ಕೆಳಗಿನ ಎರಡು ಮೂಲೆಗಳ ಚೌಕದಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರ. ಎಡಗಡೆಯದು ಸಾಲು, ಬಲಗಡೆಯದು ಆ ಸಾಲಿನಲ್ಲಿ ಎಷ್ಟನೆಯದು ಅನ್ನುವುದು. ಮೊದಲ ಚೀಟಿ ಎ-ಎ, ಕೊನೆಯದು ಟಿ-ಎಲ್. ಹಾಗಾಗಿ ನನ್ನ ಕೆ-ಡಿ ಚೀಟಿ ಹನ್ನೊಂದನೇ ಸಾಲಿನ ನಾಲ್ಕನೆಯದು. ಅಷ್ಟು ಸುಲಭ.

ಕಷ್ಟ ಶುರುವಾಗುವುದು ಇಲ್ಲಿಂದ. ಇದಕ್ಕೂ ಮುಂಚಿನ ಕಪ್ಪು ಚೀಟಿ, ಪೆನ್ನಿ ಬ್ಲ್ಯಾಕ್‌ಗೆ ಇದ್ದದ್ದು 11 ಪ್ಲೇಟು. ಮೊದಲನೆಯದು ಬೇಗ ಸವೆದು, ರಿಪೇರಿಯಾಗಿ ಎರಡು ರೂಪದಲ್ಲಿ ಸಿಗುತ್ತದೆ, ಅಷ್ಟೆ. ಆದರೆ ತೂತಿಲ್ಲದ ಪೆನ್ನಿ ರೆಡ್‌ಗೆ ನೂರಕ್ಕೂ ಜಾಸ್ತಿ ಪ್ಲೇಟುಗಳಿವೆ. ಪ್ರತಿಯೊಂದರಲ್ಲೂ ಒಂದು ಕೆ-ಡಿ ಇದೆ. ರಾಣಿಯ ಮುಖ, ಚೌಕಟ್ಟು, ಬರಹ ಎಲ್ಲ ಪ್ಲೇಟುಗಳಿಗೂ ಚಿತ್ರವಿರುವ ಉಕ್ಕಿನ ಉರುಳೆಯಿಂದ ಒತ್ತಿದ್ದು, ಅವೆಲ್ಲ ಹೆಚ್ಚುಕಡಿಮೆ ಒಂದೇ. ಆ ಎರಡು ಅಕ್ಷರಗಳು ಮಾತ್ರ ಹಾಗಲ್ಲ. ಅವನ್ನು ಕೆಲಸಗಾರರು ಒಂದೊಂದಾಗಿ ಕೈಯಿಂದ ಹೊಡೆದು ಕೂರಿಸಿದರು. ಒಂದು ಪ್ಲೇಟಿಗೆ 480 ಅಕ್ಷರ! ಅಕ್ಕಿಕಾಳಿಗಿಂತ ಚಿಕ್ಕ ಚೌಕದಲ್ಲಿ ಒಂದು ಅಕ್ಷರ ಕೂದಲೆಳೆಯಷ್ಟು ಎಡಕ್ಕೆ ಸರಿದಿರುತ್ತದೆ, ಇನ್ನೊಂದು ಸ್ವಲ್ಪ ವಾಲಿರುತ್ತದೆ. ಆ ವಾಲಿಕೆ, ಆ ಸರಿತವೇ ಪ್ಲೇಟಿನ ಗುರುತು. ಸಂಗ್ರಾಹಕರು ಕೂಡಿಸಿಟ್ಟ ಚಿತ್ರಗಳ ಜೊತೆ ನಮ್ಮ ಚೀಟಿಯನ್ನು ಹೋಲಿಸಿ ಅದನ್ನು ಹಿಡಿಯಬೇಕು. ನೂರ ಎಂಬತ್ತು ವರ್ಷದ ಹಿಂದಿನ ಒಬ್ಬ ಕೆಲಸಗಾರನ ಕೈ ಅಲ್ಲಾಡಿದ್ದು ಇವತ್ತು ನನ್ನ ಮೇಜಿನ ಮೇಲೆ ಕಾಣುತ್ತದಲ್ಲ, ನನಗೆ ಈ ಹುಚ್ಚು ಹತ್ತಿದ್ದೇ ಅದರಿಂದ.

ಭೂತಗನ್ನಡಿಯಿಂದ ಶುರು ಮಾಡಿದೆ. ಚೀಟಿಯನ್ನು ಚಿಮುಟದಲ್ಲಿ ಹಿಡಿದು ಕಿಟಕಿ ಬೆಳಕಿನಲ್ಲಿ ನೋಡುವುದು, ಚಿತ್ರ ನೋಡುವುದು, ಮತ್ತೆ ಚೀಟಿ ನೋಡುವುದು. ಎರಡು ಅಕ್ಷರಗಳೂ ಒಟ್ಟಿಗೆ ಕಣ್ಣಿಗೆ ಬೀಳುವುದೇ ಇದರ ದೊಡ್ಡ ಗುಣ. ಎಡದ್ದು ಕೆಳಗೆ, ಬಲದ್ದು ಮೇಲೆ ಅನ್ನುವ ಜೋಡಿ ಲಕ್ಷಣ ಒಂದೇ ನೋಟದಲ್ಲಿ ಸಿಗುತ್ತದೆ. ಸುಮಾರು ಮುಕ್ಕಾಲು ಪಾಲು ಪ್ಲೇಟುಗಳನ್ನು ಹೀಗೆ ಬೇಗ ಬದಿಗೆ ಸರಿಸಬಹುದು. ಆದರೆ ಕೊನೆಗೆ ಏಳೆಂಟು ಉಳಿಯುತ್ತವಲ್ಲ, ಅಲ್ಲಿ ಕಣ್ಣು ಸೋಲುತ್ತದೆ. ಚೀಟಿಯಿಂದ ಚಿತ್ರಕ್ಕೆ ತಿರುಗುವಷ್ಟರಲ್ಲಿ ಆ ಕೂದಲೆಳೆ ಅಂತರ ಮನಸ್ಸಿನಿಂದ ಜಾರಿರುತ್ತದೆ. ಒಂಬತ್ತರಲ್ಲಿ ನಾಲ್ಕಕ್ಕೆ ಉತ್ತರ ಸಿಕ್ಕಿತು. ಪೆನ್ಸಿಲ್ ಗುರುತಿನ ಮೂರನ್ನೂ ನಂಬರ್ ನೋಡದೆ ಪ್ರಯತ್ನಿಸಿದ್ದೆ. ಅದರಲ್ಲಿ ಒಂದು ತಪ್ಪಾಯಿತು. ಅಂಚೆ ಮುದ್ರೆಯ ಕಪ್ಪು ಚುಕ್ಕೆಯೊಂದನ್ನು ಅಕ್ಷರದ ಕಾಲು ಎಂದುಕೊಂಡಿದ್ದೆ.

ಮೈಕ್ರೋಸ್ಕೋಪ್ ಮೇಲೆ ನನಗೆ ಬಹಳ ಆಸೆಯಿತ್ತು. ದೊಡ್ಡದಾಗಿ ಕಂಡಷ್ಟೂ ಒಳ್ಳೆಯದು ಅಲ್ವಾ ಎಂದುಕೊಂಡಿದ್ದೆ. ಈ ಕೆಲಸಕ್ಕೆ ಅದು ನಿಜವಲ್ಲ. ಪರದೆಯ ತುಂಬ ಒಂದೇ ಅಕ್ಷರ ಬರುತ್ತದೆ, ಅದರ ಸುತ್ತಲಿನ ಚೌಕದ ಒಂದೆರಡು ಗೆರೆ ಹೊರಗೇ ಉಳಿಯುತ್ತದೆ. ಚೌಕ ಕಾಣದಿದ್ದರೆ ಅಕ್ಷರ ಎಷ್ಟು ಸರಿದಿದೆ ಅಂತ ಹೇಳುವುದು ಹೇಗೆ? ಇನ್ನೊಂದು ತೊಂದರೆ: ನನ್ನಲ್ಲಿರುವಂಥ ಕಡಿಮೆ ಬೆಲೆಯ ಯಂತ್ರದಲ್ಲಿ ಫೋಕಸ್ ತಿರುಗಿಸಿದ ಕೂಡಲೇ ಚಿತ್ರದ ಗಾತ್ರವೂ ಬದಲಾಗುತ್ತದೆ. ಎಡದ ಅಕ್ಷರ ಒಂದು ಅಳತೆಯಲ್ಲಿ, ಬಲದ್ದು ಇನ್ನೊಂದು ಅಳತೆಯಲ್ಲಿ. ಅಂಚಿನ ನೇರ ಗೆರೆಗಳು ಬಿಲ್ಲಿನ ಹಾಗೆ ಬಾಗುತ್ತವೆ. ಮೇಲಾಗಿ ಕಾಗದದ ನಾರು, ಶಾಯಿಯ ಕಣ ಎಲ್ಲವೂ ಎದ್ದು ಕಾಣುತ್ತವೆ. ಅವು ಆ ಒಂದು ಚೀಟಿಗೆ ಸೇರಿದವು, ಪ್ಲೇಟಿಗಲ್ಲ. ಅವನ್ನೇ ಗುರುತು ಎಂದು ನಂಬಿ ಒಂದು ಇಡೀ ಸಂಜೆ ಕಳೆದೆ.

ಹಾಗಂತ ಅದನ್ನು ಮೂಲೆಗೆ ಎಸೆಯಬೇಡಿ. ಕಪ್ಪು ಚುಕ್ಕೆ ಮುದ್ರೆಯ ಶಾಯಿಯೋ ಅಲ್ಲವೋ ಎಂದು ತೀರ್ಮಾನಿಸಲು ಅದರಷ್ಟು ಒಳ್ಳೆಯದು ಬೇರೆ ಇಲ್ಲ. ನಾನು ತಪ್ಪಿದ ಚೀಟಿಯ ಗುಟ್ಟು ಬಿಟ್ಟುಕೊಟ್ಟದ್ದೂ ಅದೇ. ಇನ್ನೊಂದು ಉಪಯೋಗ, ಉರುಳೆಯನ್ನು ಎರಡನೇ ಸಲ ಒತ್ತಿದ ಜಾಗ ಹುಡುಕುವುದು. ಅಲ್ಲಿ ಗೆರೆಗಳು ಜೋಡಿಯಾಗಿ ಕಾಣುತ್ತವೆ. ಅಂಥದ್ದು ಸಿಕ್ಕಿದರೆ ಪ್ಲೇಟು ಬಹುಬೇಗ ಹೊಳೆಯುತ್ತದೆ. ನನಗೆ ಹಾಗೆ ಒಂದು ಸಿಕ್ಕಿತು.

ಸ್ಕ್ಯಾನರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನದು ಗಾಜಿನ ಮೇಲೆ ಮಲಗಿಸಿ ತೆಗೆಯುವ ಸಾಮಾನ್ಯ ಫ್ಲಾಟ್‌ಬೆಡ್. ಚೀಟಿಯ ಹಿಂದೆ ಕಪ್ಪು ಕಾರ್ಡು ಇಟ್ಟು 1200 ಡಿಪಿಐನಲ್ಲಿ (ಇಂಚಿಗೆ 1200 ಚುಕ್ಕೆ) ತೆಗೆದರೆ ಚಿತ್ರ ಹೆಚ್ಚುಕಡಿಮೆ 900 ಪಿಕ್ಸೆಲ್ ಅಗಲ ಬರುತ್ತದೆ. ಪ್ರತಿ ಚೀಟಿಯೂ ಒಂದೇ ಅಳತೆಯಲ್ಲಿ ಬರುತ್ತದೆ, ಗೆರೆ ಬಾಗುವುದಿಲ್ಲ. ಆ ಚಿತ್ರವನ್ನು ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದು, ಅದರ ಮೇಲೆ ಪ್ಲೇಟಿನ ಚಿತ್ರವನ್ನು ಅರ್ಧ ಪಾರದರ್ಶಕ ಮಾಡಿ ಹಾಸುತ್ತೇನೆ. ಸರಿಯಾದ ಪ್ಲೇಟಾದರೆ ಚೀಟಿಯ ಅಕ್ಷರ, ಚಿತ್ರದ ಅಕ್ಷರ ಒಂದಾಗಿ ಬೆಸೆದುಕೊಳ್ಳುತ್ತವೆ. ತಪ್ಪಾದರೆ ಅಕ್ಷರಕ್ಕೆ ನೆರಳು ಬಿದ್ದ ಹಾಗೆ ಕಾಣುತ್ತದೆ. ನೆನಪಿಟ್ಟುಕೊಳ್ಳುವ ಕಷ್ಟವೇ ಇಲ್ಲ.

ಮೊದಲ ದಿನ ಯಾವುದೂ ಸರಿ ಹೊಂದಲಿಲ್ಲ. ಕಾರಣ ಕಾಗದ. ಈ ಚೀಟಿಗಳನ್ನು ಒದ್ದೆ ಮಾಡಿದ ಕಾಗದದ ಮೇಲೆ ಅಚ್ಚು ಹಾಕುತ್ತಿದ್ದರು. ಒಣಗುವಾಗ ಹಾಳೆ ಕುಗ್ಗುತ್ತದೆ, ಎಲ್ಲ ಹಾಳೆಯೂ ಒಂದೇ ಸಮ ಕುಗ್ಗುವುದಿಲ್ಲ. ಹಾಗಾಗಿ ಒಂದೇ ಪ್ಲೇಟಿನ ಎರಡು ಚೀಟಿಗಳೂ ಉದ್ದದಲ್ಲಿ ಚೂರು ಬೇರೆ ಇರಬಹುದು. ಇಡೀ ಚೀಟಿಯನ್ನು ಹೊಂದಿಸಲು ಹೋಗದೆ, ಎಡ ಚೌಕದ ನಾಲ್ಕು ಗೆರೆ ಹೊಂದಿಸಿ ಎಡ ಅಕ್ಷರ ನೋಡಿದೆ. ಬಲ ಚೌಕವನ್ನು ಬೇರೆಯಾಗಿ ಹೊಂದಿಸಿ ಬಲ ಅಕ್ಷರ ನೋಡಿದೆ. ಅಲ್ಲಿಂದ ಕೆಲಸ ಸಲೀಸಾಯಿತು.

ಬಣ್ಣ ಬಿಡಿಸುವುದು ಇನ್ನೊಂದು ಉಪಾಯ. ಕಂಪ್ಯೂಟರಿನಲ್ಲಿ ಚಿತ್ರ ಕೆಂಪು, ಹಸಿರು, ನೀಲಿ ಎಂಬ ಮೂರು ಪದರಗಳಾಗಿರುತ್ತದೆ, ಅವೇ ಚಾನೆಲ್. ಕೆಂಪು ಚಾನೆಲ್ ಮಾತ್ರ ನೋಡಿದರೆ ಕೆಂಪು ಶಾಯಿ ಮಂಕಾಗಿ, ಕಪ್ಪು ಮುದ್ರೆಯಷ್ಟೇ ಎದ್ದು ಕಾಣುತ್ತದೆ. ಹಸಿರು ಚಾನೆಲ್‌ನಲ್ಲಿ ಚೀಟಿಯ ಗೆರೆಗಳು ಗಾಢವಾಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡರೆ ಯಾವುದು ಮುದ್ರೆ, ಯಾವುದು ಅಕ್ಷರ ಎಂದು ತಿಳಿಯುತ್ತದೆ. ಕಾಗದ ನೀಲಿಗಟ್ಟಿದ ಚೀಟಿಗಳಿಗೂ ಇದು ಚೆನ್ನಾಗಿ ಆಗುತ್ತದೆ. ಒಂಬತ್ತರಲ್ಲಿ ಎಂಟಕ್ಕೆ ಉತ್ತರ ಬಂತು. ಪೆನ್ಸಿಲ್ ಗುರುತಿನ ಮೂರೂ ಹೊಂದಿದವು. ಭೂತಗನ್ನಡಿಯಲ್ಲಿ ಸಿಕ್ಕಿದ್ದ ನಾಲ್ಕರಲ್ಲಿ ಒಂದನ್ನು ತಿದ್ದಬೇಕಾಯಿತು. ಮಾರಿದವರು ಕವರಿನ ಮೇಲೆ ಬರೆದು ಕೊಟ್ಟಿದ್ದ ಒಂದು ಪ್ಲೇಟ್ ನಂಬರ್ ಕೂಡ ತಪ್ಪು ಎಂದು ಗೊತ್ತಾಯಿತು.

ಸ್ಕ್ಯಾನರ್ ನಿಧಾನ, ಅದು ನಿಜ. ನೂರು ಪ್ಲೇಟುಗಳನ್ನು ಒಂದೊಂದಾಗಿ ಮೇಲೆ ಹಾಸುತ್ತಾ ಕೂತರೆ ದಿನ ಸಾಲದು. ಅದಕ್ಕೆ ನಾನು ಈಗ ಭೂತಗನ್ನಡಿಯಲ್ಲಿ ಏಳೆಂಟಕ್ಕೆ ಇಳಿಸಿಕೊಂಡು ಆಮೇಲೆ ಸ್ಕ್ಯಾನರ್‌ಗೆ ಹೋಗುತ್ತೇನೆ. ಒಂದನ್ನೇ ಕೊಳ್ಳಲು ದುಡ್ಡಿದ್ದರೆ ಸ್ಕ್ಯಾನರ್ ತೆಗೆದುಕೊಳ್ಳಿ. ನಿಮ್ಮಲ್ಲಿರುವುದು ಪೆನ್ನಿ ಬ್ಲ್ಯಾಕ್ ಆದರೆ ಭೂತಗನ್ನಡಿಯೇ ಬಹುತೇಕ ಸಾಕು, ಹೋಲಿಸಬೇಕಾದ ಪ್ಲೇಟುಗಳು ಹನ್ನೊಂದೇ. 1864ರಿಂದ ಬಂದ, ನಾಲ್ಕು ಮೂಲೆಯಲ್ಲೂ ಅಕ್ಷರವಿರುವ ಪೆನ್ನಿ ರೆಡ್ ಆದರೆ ಇಷ್ಟೆಲ್ಲ ಬೇಡವೇ ಬೇಡ. ಪ್ಲೇಟ್ ನಂಬರನ್ನು ಎರಡೂ ಬದಿಯ ಬಳ್ಳಿ ಚಿತ್ತಾರದೊಳಗೇ ಕೆತ್ತಿದ್ದಾರೆ, ಸುಮ್ನೆ ಓದಿಕೊಂಡರಾಯಿತು. 1854ರಲ್ಲಿ ಕಲ್ಕತ್ತೆಯಲ್ಲಿ ಕಲ್ಲಚ್ಚಿನಲ್ಲಿ ಮಾಡಿದ ನಮ್ಮ ಅರ್ಧಾಣೆ ನೀಲಿ ಚೀಟಿಯ ಮಾತು ಪೂರ್ತಿ ಬೇರೆ. ಅದರಲ್ಲಿ ಮೂಲೆ ಅಕ್ಷರಗಳೇ ಇಲ್ಲ. ಕಲ್ಲಿನ ಮೇಲಾದ ಕಲೆ, ಮುರಿದ ಗೆರೆಗಳನ್ನೇ ನಂಬಿ ಜಾಗ ಹುಡುಕಬೇಕು.

ಹನ್ನೆರಡರಲ್ಲಿ ಒಂದು ಇನ್ನೂ ಹಾಗೇ ಉಳಿದಿದೆ. ಅದರ ಬಲ ಅಕ್ಷರದ ಮೇಲೆ ಮಾಲ್ಟೀಸ್ ಕ್ರಾಸ್ ಎಂಬ ಶಿಲುಬೆಯಾಕಾರದ ಅಂಚೆ ಮುದ್ರೆಯ ದಪ್ಪ ಕಪ್ಪು ಬಿದ್ದಿದೆ, ಯಾವ ಚಾನೆಲ್‌ನಲ್ಲೂ ಅಕ್ಷರ ಹೊರಗೆ ಬರುತ್ತಿಲ್ಲ. ಆ ಮುದ್ರೆಯನ್ನು 1844ರಲ್ಲಿ ನಂಬರಿನ ಮುದ್ರೆಗಳು ಬರುವವರೆಗೆ ಬಳಸುತ್ತಿದ್ದರು, ಹಾಗಾಗಿ ಹಿಂದಿನ ಪ್ಲೇಟುಗಳನ್ನು ಮಾತ್ರ ನೋಡಿದರೆ ಸಾಕು. ಎಡ ಅಕ್ಷರವೊಂದನ್ನೇ ಹಿಡಿದು ಹುಡುಕುತ್ತಿದ್ದೇನೆ. ಸದ್ಯಕ್ಕೆ ಮೂರು ಪ್ಲೇಟುಗಳಲ್ಲಿ ನಿಂತಿದೆ.