ಮೊಡವೆ ಗುಳಿಗಳಿಗೆ ಲೇಸರ್: ಐದು ವರ್ಷದ ನಂತರ ನನ್ನ ಲೆಕ್ಕ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಎರಡೂ ಕೆನ್ನೆಗಳ ಮೇಲಿದ್ದ ಮೊಡವೆ ಗುಳಿಗಳು ಈಗ ಅರ್ಧಕ್ಕಿಂತ ಹೆಚ್ಚು ತುಂಬಿಕೊಂಡಿವೆ. ಪೂರ್ತಿ ಮಾಯವಾಗಿಲ್ಲ, ಇನ್ನು ಆಗುವುದೂ ಇಲ್ಲ. ತರಗತಿಯ ಮೊದಲ ಬೆಂಚಿನವರಿಗೆ ಗೊತ್ತಾಗುವುದಿಲ್ಲ. ಗಡ್ಡ ಟ್ರಿಮ್ ಮಾಡುವ ಸಲೂನಿನವನಿಗೆ ಗೊತ್ತಾಗುತ್ತದೆ. ಇಷ್ಟು ಸುಧಾರಣೆಗಾಗಿ ನಾನು ಅತಿ ಹೆಚ್ಚು ಹಣ ಸುರಿದದ್ದು ಲೇಸರ್‌ಗೆ. ಅತಿ ಹೆಚ್ಚು ಕೆಲಸ ಮಾಡಿದ್ದು ಒಂದು ಸೂಜಿ ಮತ್ತು ಕಡ್ಡಿಯ ತುದಿಗೆ ಅಂಟಿದ ಒಂದಿಷ್ಟು ಆಸಿಡ್. ಹೀಗಾಗಿ ‘ಲೇಸರ್ ಮಾಡಿಸಬಹುದೇ?’ ಎಂದು ಯಾರಾದರೂ ಕೇಳಿದರೆ, ‘ನಿಮ್ಮ ಗುಳಿ ಯಾವ ಬಗೆಯದು?’ ಎಂದು ನಾನು ತಿರುಗಿ ಕೇಳುತ್ತೇನೆ.

ನನ್ನ ಹಿನ್ನೆಲೆ ಇಷ್ಟು: ದಾವಣಗೆರೆಯಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಎಣ್ಣೆಗೆಂಪು ಬಣ್ಣ. ಪಿಯುಸಿಯಲ್ಲಿ ಶುರುವಾದ ಮೊಡವೆ ಬಿ.ಇಡಿ. ಮುಗಿದರೂ ಬಿಡಲಿಲ್ಲ. ಕೊನೆಗೆ ಅದನ್ನು ನಿಲ್ಲಿಸಿದ್ದು ಐಸೋಟ್ರೆಟಿನಾಯಿನ್ ಮಾತ್ರೆ. ತುಟಿ ಒಡೆದು ತಿಂಗಳುಗಟ್ಟಲೆ ವ್ಯಾಸಲೀನ್ ಹಚ್ಚಿಕೊಂಡು ಓಡಾಡಿದೆ, ನಡುನಡುವೆ ಲಿವರ್ ಮತ್ತು ಕೊಬ್ಬಿನ ರಕ್ತಪರೀಕ್ಷೆ ಮಾಡಿಸಿದೆ, ಮೊಡವೆ ನಿಂತಿತು. (ಗರ್ಭಿಣಿಯರು ಮತ್ತು ಗರ್ಭ ಧರಿಸುವ ಸಾಧ್ಯತೆ ಇರುವವರು ಈ ಮಾತ್ರೆಯ ಹತ್ತಿರವೂ ಸುಳಿಯಬಾರದು, ಮಗುವಿಗೆ ತೀವ್ರ ದೋಷಗಳಾಗುತ್ತವೆ.) ಹೊಸ ಮೊಡವೆ ಏಳುತ್ತಿರುವಾಗ ಹಳೆಯ ಗುಳಿಗೆ ದುಡ್ಡು ಹಾಕುವುದು ದಂಡ. ಅದು ನಿಂತ ಮೇಲೆಯೇ ಈ ವಿಮರ್ಶೆಯ ಕಥೆ ಶುರುವಾಗುವುದು.

ಗುಳಿಗಳಲ್ಲಿ ಮೂರು ಬಗೆ. ಸೂಜಿಯಿಂದ ಚುಚ್ಚಿದಂತೆ ಕಿರಿದಾಗಿ ಆಳಕ್ಕೆ ಇಳಿದವು ಐಸ್‌ಪಿಕ್. ಅಂಚು ಚೂಪಾಗಿ, ತಳ ಸಮತಟ್ಟಾಗಿ ಇರುವವು ಬಾಕ್ಸ್‌ಕಾರ್. ಅಂಚೇ ಇಲ್ಲದೆ ಕೆನ್ನೆಯನ್ನು ಉಬ್ಬುತಗ್ಗು ಮಾಡುವವು ರೋಲಿಂಗ್. ಚರ್ಮರೋಗ ತಜ್ಞರು 2001ರಿಂದಲೂ ಈ ವರ್ಗೀಕರಣ ಬಳಸುತ್ತಾರೆ, ಮತ್ತು ಇಡೀ ಚಿಕಿತ್ಸೆ ನಿಂತಿರುವುದೇ ಇದರ ಮೇಲೆ. ಹೆಚ್ಚಿನವರ ಮುಖದಲ್ಲಿ ಮೂರೂ ಬೆರೆತಿರುತ್ತವೆ. ನನ್ನ ಮುಖದಲ್ಲೂ ಹಾಗೆಯೇ, ಆದರೆ ರೋಲಿಂಗ್‌ನದೇ ದೊಡ್ಡ ಪಾಲು. ನಾನು ಮೊದಲು ಹೋದ ಕ್ಲಿನಿಕ್ಕಿನಲ್ಲಿ ಈ ಮಾತನ್ನು ಯಾರೂ ಎತ್ತಲಿಲ್ಲ. ಅಲ್ಲಿ ಮುಖ ನೋಡಿದ್ದು ಡಾಕ್ಟರಿಗಿಂತ ಮೊದಲು ಕೌನ್ಸೆಲರ್. ಕೈಯಲ್ಲಿ ಟ್ಯಾಬ್, ಟ್ಯಾಬಿನಲ್ಲಿ ಪ್ಯಾಕೇಜುಗಳ ಪಟ್ಟಿ. ‘ಸರ್, ನಿಮಗೆ ಲೇಸರ್ ಬೆಸ್ಟ್. ಇವತ್ತೇ ಕಟ್ಟಿದರೆ ಶೇ 30 ರಿಯಾಯಿತಿ.’

ಆ ಲೇಸರ್‌ನ ಪೂರ್ತಿ ಹೆಸರು ಫ್ರ್ಯಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್. ಮೇಷ್ಟ್ರಾಗಿ ಇಷ್ಟು ಹೇಳದಿದ್ದರೆ ನನಗೆ ಸಮಾಧಾನವಿಲ್ಲ: ಕಾರ್ಬನ್ ಡೈಆಕ್ಸೈಡ್ ಲೇಸರ್ ಕಂಡುಹಿಡಿದವರು ನಮ್ಮ ಬಾರಾಮತಿಯಲ್ಲಿ ಹುಟ್ಟಿದ ಸಿ.ಕೆ.ಎನ್. ಪಟೇಲ್, 1964ರಲ್ಲಿ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ. ಅದರ ತರಂಗಾಂತರ 10,600 ನ್ಯಾನೋಮೀಟರ್. ಆ ಬೆಳಕನ್ನು ನೀರು ಚೆನ್ನಾಗಿ ಹೀರುತ್ತದೆ. ಚರ್ಮದ ತುಂಬ ನೀರೇ ಇರುವುದರಿಂದ ಕಿರಣ ಬಿದ್ದ ಜಾಗ ಕ್ಷಣಾರ್ಧದಲ್ಲಿ ಆವಿಯಾಗುತ್ತದೆ. 1990ರ ದಶಕದಲ್ಲಿ ಮುಖದ ಇಡೀ ಮೇಲ್ಪದರವನ್ನೇ ಹೀಗೆ ಸುಡುತ್ತಿದ್ದರು. ಗಾಯ ಮಾಯಲು ವಾರಗಟ್ಟಲೆ ಬೇಕಾಗುತ್ತಿತ್ತು. ಅಂಗುಲ ಅಂಗುಲವನ್ನೂ ಸುಡದೆ, ಸಣ್ಣ ಸಣ್ಣ ಚುಕ್ಕಿಗಳನ್ನು ಮಾತ್ರ ಸುಟ್ಟು ನಡುವಿನ ಚರ್ಮವನ್ನು ಹಾಗೆಯೇ ಬಿಡುವ ಉಪಾಯ ಬಂದದ್ದು 2004ರಲ್ಲಿ. ಉಳಿದ ಚರ್ಮ ಸುಟ್ಟದ್ದನ್ನು ಬೇಗ ರಿಪೇರಿ ಮಾಡುತ್ತದೆ, ಆ ರಿಪೇರಿಯಲ್ಲಿ ಹೊಸ ಕೊಲಾಜೆನ್ (ಚರ್ಮಕ್ಕೆ ಬಲ ಕೊಡುವ ನಾರಿನಂಥ ಪ್ರೋಟೀನ್) ಹುಟ್ಟಿ ಗುಳಿ ಸ್ವಲ್ಪ ಮೇಲೆದ್ದು ಬರುತ್ತದೆ. ತತ್ವದಲ್ಲಿ ಏನೂ ಮೋಸವಿಲ್ಲ.

ಅನುಭವ ಹೇಗಿರುತ್ತದೆ ಎಂದರೆ: ಮುಖ ತೊಳೆಸಿ, ಮರಗಟ್ಟುವ ಕ್ರೀಮನ್ನು ದಪ್ಪಗೆ ಬಳಿದು, ಮೇಲೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಿ ಸುಮಾರು ಒಂದು ಗಂಟೆ ಕೂರಿಸುತ್ತಾರೆ. ಆಮೇಲೆ ಕಣ್ಣಿಗೆ ಲೋಹದ ಕವಚ. ಕಾಣುವುದು ಏನೂ ಇಲ್ಲ. ಯಂತ್ರದ ಟಕ್ ಟಕ್ ಸದ್ದು, ಹೊಗೆ ಎಳೆಯುವ ಪೈಪಿನ ಗುಂಯ್, ಮತ್ತು ಕೂದಲು ಸುಟ್ಟ ವಾಸನೆ. ಕೆನ್ನೆಯಲ್ಲಿ ತಡೆದುಕೊಳ್ಳಬಹುದು. ಕಿವಿಯ ಮುಂದೆ ಮತ್ತು ದವಡೆಯ ಮೂಳೆಯ ಮೇಲೆ ಬಂದಾಗ ಕುರ್ಚಿಯ ಕೈ ಹಿಡಿದುಕೊಳ್ಳಬೇಕಾಗುತ್ತದೆ. ಆ ದಿನ ಸಂಜೆಯವರೆಗೆ ಮೆಣಸಿನಕಾಯಿ ಅರೆದ ಕೈಯಲ್ಲಿ ಮುಖ ಉಜ್ಜಿಕೊಂಡಂಥ ಉರಿ. ಮರುದಿನ ಊತ. ಮೂರನೆಯ ದಿನಕ್ಕೆ ಚುಕ್ಕಿಗಳೆಲ್ಲ ಕಂದು ಹಕ್ಕಳೆಯಾಗಿ ಒರಟು ಕಾಗದದಂತಾಗುತ್ತವೆ. ಕೀಳಬಾರದು, ತಾವಾಗಿ ಉದುರುವ ತನಕ ವ್ಯಾಸಲೀನ್ ಹಚ್ಚುತ್ತಿರಬೇಕು. ವಾರದೊಳಗೆ ಶಾಲೆಗೆ ಹೋಗಬಹುದು.

ಮೊದಲ ಸಿಟ್ಟಿಂಗ್ ಡಾಕ್ಟರೇ ಮಾಡಿದರು, ಚೆನ್ನಾಗಿಯೇ ಆಯಿತು. ಎರಡನೆಯದಕ್ಕೆ ಕರೆದದ್ದು ಏಪ್ರಿಲ್‌ನಲ್ಲಿ. ದಾವಣಗೆರೆಯ ಏಪ್ರಿಲ್ ಬಿಸಿಲನ್ನು ವಿವರಿಸಬೇಕಾಗಿಲ್ಲ. ಡಾಕ್ಟರು ಐದು ನಿಮಿಷ ಬಂದು ಹೋದರು, ಯಂತ್ರ ಹಿಡಿದದ್ದು ಟೆಕ್ನಿಷಿಯನ್. ‘ಈ ಸಲ ಪವರ್ ಸ್ವಲ್ಪ ಜಾಸ್ತಿ ಇಟ್ಟಿದ್ದೇವೆ ಸರ್, ರಿಸಲ್ಟ್ ಬೇಗ ಬರುತ್ತದೆ’ ಎಂದ. ಬೇಗ ಬಂತು. ಹಕ್ಕಳೆ ಉದುರಿದ ಮೇಲೆ ಕೆನ್ನೆಯಲ್ಲಿ ಲೇಸರ್‌ನ ಚೌಕಗಳು ಕಪ್ಪಾಗಿ, ಎಣಿಸಬಹುದಾದಷ್ಟು ಸ್ಪಷ್ಟವಾಗಿ ಮೂಡಿಕೊಂಡವು. ‘ಸರ್, ಮುಖದ ಮೇಲೆ ಗ್ರಾಫ್ ಶೀಟ್!’ ಎಂದು ಎಂಟನೆಯ ತರಗತಿಯ ಹುಡುಗನೊಬ್ಬ ಹೇಳಿದ. ಹೋಲಿಕೆ ಸರಿಯಾಗಿದ್ದುದರಿಂದ ಬೈಯಲು ಮನಸ್ಸಾಗಲಿಲ್ಲ. ಕ್ಲಿನಿಕ್ಕಿಗೆ ಫೋನ್ ಮಾಡಿದರೆ ‘ನಾರ್ಮಲ್ ಸರ್, ಇನ್ನೊಂದು ಸಿಟ್ಟಿಂಗ್ ಆದರೆ ಹೋಗುತ್ತದೆ’ ಎಂಬ ಉತ್ತರ ಬಂತು.

ಇದು ನಾರ್ಮಲ್ ಅಲ್ಲ, ಆದರೆ ಅಪರೂಪವೂ ಅಲ್ಲ. ನಮ್ಮಂಥ ಕಂದು ಚರ್ಮದಲ್ಲಿ ಬಣ್ಣ ತಯಾರಿಸುವ ಜೀವಕೋಶಗಳು ಸದಾ ಚುರುಕು. ಸುಟ್ಟರೆ, ಗೀರಿದರೆ, ಮೊಡವೆ ಹಿಸುಕಿದರೆ, ಪ್ರತಿಯೊಂದಕ್ಕೂ ಅವುಗಳ ಉತ್ತರ ಕಪ್ಪು ಕಲೆ. ಚರ್ಮದ ಬಣ್ಣವನ್ನು ಬಿಸಿಲಿಗೆ ಅದು ಹೇಗೆ ಪ್ರತಿಕ್ರಿಯಿಸುತ್ತದೆ ಎಂಬುದರ ಮೇಲೆ ಅಳೆಯುವ ಫಿಟ್ಸ್‌ಪ್ಯಾಟ್ರಿಕ್ ಮಾಪಕದಲ್ಲಿ ಭಾರತೀಯರು ಹೆಚ್ಚಾಗಿ ನಾಲ್ಕು ಮತ್ತು ಐದನೆಯ ಮೆಟ್ಟಿಲಿನವರು. ಆ ಮಾಪಕವೇ 1975ರಲ್ಲಿ ಬಿಳಿ ಚರ್ಮದವರಿಗಾಗಿ ಹುಟ್ಟಿದ್ದು, ಕಂದು ಮತ್ತು ಕಪ್ಪು ಚರ್ಮದ ಮೆಟ್ಟಿಲುಗಳನ್ನು ಆಮೇಲೆ ಸೇರಿಸಿದರು. ನಮ್ಮ ಚರ್ಮಕ್ಕೆ ಲೇಸರ್ ಹಾಕುವಾಗ ಚುಕ್ಕಿಗಳ ಸಾಂದ್ರತೆ ಕಡಿಮೆ ಇರಬೇಕು, ಸಿಟ್ಟಿಂಗ್‌ಗಳ ನಡುವೆ ಅಂತರ ಇರಬೇಕು, ಬಿಸಿಲಿನ ಕಾಲ ತಪ್ಪಿಸಬೇಕು. ಮೂರನ್ನೂ ಗಾಳಿಗೆ ತೂರಿ ಬೇಸಿಗೆಯಲ್ಲಿ ಪವರ್ ಏರಿಸುವವರು ಚಿಕಿತ್ಸೆ ಮಾಡುತ್ತಿಲ್ಲ, ಪ್ಯಾಕೇಜ್ ಮುಗಿಸುತ್ತಿದ್ದಾರೆ.

ಕಪ್ಪು ಚೌಕಗಳು ಹೋಗಲು ದೀಪಾವಳಿಯವರೆಗೂ ಕಾಯಬೇಕಾಯಿತು. ಅಷ್ಟರಲ್ಲಿ ಪರಿಚಯದವರೊಬ್ಬರು ಹೇಳಿ, ಬೆಂಗಳೂರಿನ ಒಬ್ಬ ಚರ್ಮರೋಗ ತಜ್ಞೆಯ ಬಳಿ ಹೋದೆ. ಸಣ್ಣ ಕ್ಲಿನಿಕ್, ಕೌನ್ಸೆಲರ್ ಇಲ್ಲ, ರಿಯಾಯಿತಿಯ ಮಾತಿಲ್ಲ. ಅವರು ಮಾಡಿದ ಮೊದಲ ಕೆಲಸ ಟ್ಯೂಬ್‌ಲೈಟ್ ಆರಿಸಿ, ಟಾರ್ಚನ್ನು ಕೆನ್ನೆಗೆ ಓರೆಯಾಗಿ ಹಿಡಿದದ್ದು. ನೆರಳು ಬಿದ್ದಾಗ ಮಾತ್ರ ಗುಳಿಯ ನಿಜವಾದ ಆಳ ಕಾಣುತ್ತದೆ. ಆಮೇಲೆ ಬೆರಳುಗಳಿಂದ ಚರ್ಮ ಎಳೆದು ನೋಡಿದರು. ಎಳೆದರೆ ಸಮವಾಗುವುದು ಯಾವುದು, ಎಳೆದರೂ ಅಲುಗದ್ದು ಯಾವುದು ಎಂದು ಕಣ್ಣಿನ ಪೆನ್ಸಿಲ್‌ನಲ್ಲಿ ಗುರುತು ಹಾಕಿದರು. ‘ನಿಮ್ಮ ಚರ್ಮವನ್ನು ಒಳಗಿನಿಂದ ದಾರ ಕಟ್ಟಿ ಎಳೆದು ಹಿಡಿದ ಹಾಗಿದೆ. ದಾರ ಕತ್ತರಿಸದೆ ಮೇಲೆ ಎಷ್ಟು ಸುಟ್ಟರೂ ಅದು ಮೇಲೇಳುವುದಿಲ್ಲ’ ಎಂದರು. ಇಷ್ಟು ತಿಳಿಯಲು ನನಗೆ ಲೇಸರ್‌ನ ದುಡ್ಡು ಖರ್ಚಾಗಿತ್ತು.

ದಾರ ಕತ್ತರಿಸುವ ಕೆಲಸಕ್ಕೆ ಸಬ್‌ಸಿಷನ್ ಎನ್ನುತ್ತಾರೆ. 1995ರಿಂದ ವೈದ್ಯಕೀಯ ಸಾಹಿತ್ಯದಲ್ಲಿರುವ, ಯಾವ ಜಾಹೀರಾತಿನಲ್ಲೂ ಕಾಣದ ವಿದ್ಯೆ. ಮರಗಟ್ಟುವ ಇಂಜೆಕ್ಷನ್ ಕೊಟ್ಟು, ಸೂಜಿಯನ್ನು ಚರ್ಮದ ಕೆಳಗೆ ಅಡ್ಡಲಾಗಿ ತೂರಿಸಿ, ಬೀಸಣಿಗೆಯಾಡಿಸಿದಂತೆ ಅತ್ತಿತ್ತ ಆಡಿಸುತ್ತಾರೆ. ನೋವು ಇಲ್ಲ, ಸದ್ದು ಇದೆ: ಒಳಗಿನ ನಾರುಗಳು ಕಡಿದು ಬೀಳುವ ‘ಚರ್ ಚರ್’ ನಮಗೇ ಕೇಳಿಸುತ್ತದೆ. ಮೊದಲ ಸಲ ಕೇಳಿದಾಗ ಎದ್ದು ಓಡಬೇಕೆನಿಸಿತು. ಕಡಿದ ಜಾಗದಲ್ಲಿ ರಕ್ತ ತುಂಬಿ, ಆ ರಕ್ತವೇ ಹೊಸ ಅಂಗಾಂಶಕ್ಕೆ ತಳಹದಿಯಾಗುತ್ತದೆ. ಪರಿಣಾಮವಾಗಿ ಎರಡು ವಾರ ಕೆನ್ನೆ ನೀಲಿ, ಆಮೇಲೆ ಹಸಿರು, ಆಮೇಲೆ ಹಳದಿ. ‘ಗಾಡಿಯಿಂದ ಬಿದ್ದಿರಾ ಸರ್?’ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿದರು. ದಸರಾ ರಜೆಗೆ ಸರಿಹೊಂದಿಸಿಕೊಳ್ಳುವುದು ಒಳ್ಳೆಯದು. ಆದರೆ ಮೂರು ತಿಂಗಳು ಕಳೆದ ಮೇಲೆ, ಎಡಗೆನ್ನೆಯ ಅಲೆಗಳು ಇಳಿದುಹೋದದ್ದು ನನ್ನ ಹೆಂಡತಿಗೂ ಕಾಣಿಸಿತು. ಅವಳು ಸುಮ್ಮನೆ ಹೊಗಳುವವಳಲ್ಲ.

ಐಸ್‌ಪಿಕ್ ಗುಳಿಗಳಿಗೆ ಟಿಸಿಎ ಕ್ರಾಸ್. ಗಟ್ಟಿ ಟ್ರೈಕ್ಲೋರೋಅಸಿಟಿಕ್ ಆಮ್ಲವನ್ನು ಚೂಪು ಮಾಡಿದ ಕಡ್ಡಿಯಲ್ಲಿ ಅದ್ದಿ, ಗುಳಿಯ ತಳಕ್ಕೆ ಮಾತ್ರ ಒತ್ತುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಚುಕ್ಕೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. ಕೊರಿಯಾದ ವೈದ್ಯರು 2002ರಲ್ಲಿ ಪ್ರಕಟಿಸಿದ ವಿಧಾನ ಇದು. ಐಸ್‌ಪಿಕ್‌ನ ಆಳಕ್ಕೆ ಲೇಸರ್ ಸರಿಯಾಗಿ ತಲುಪದ ಕಡೆ ಇದು ತಲುಪುತ್ತದೆ. ಕೈ ಅಲುಗಿ ಅಂಚಿಗೆ ತಾಗಿದರೆ ಗುಳಿ ಅಗಲವಾಗಬಹುದು, ಕಲೆಯೂ ಉಳಿಯಬಹುದು. ಆದ್ದರಿಂದ ಆನ್‌ಲೈನ್‌ನಲ್ಲಿ ಬಾಟಲಿ ತರಿಸಿ ಕನ್ನಡಿ ಮುಂದೆ ಪ್ರಯೋಗ ಮಾಡುವವರಿಗೆ ಕೈ ಮುಗಿದು ಹೇಳುತ್ತೇನೆ, ಬೇಡ.

ಬಾಕ್ಸ್‌ಕಾರ್‌ಗಳಿಗೂ ಒಟ್ಟಾರೆ ಮೇಲ್ಮೈಗೂ ಅವರು ಆರಿಸಿದ್ದು ಮೈಕ್ರೋನೀಡ್ಲಿಂಗ್ ರೇಡಿಯೋ ಫ್ರೀಕ್ವೆನ್ಸಿ. ಸಣ್ಣ ಸೂಜಿಗಳು ಒಳಗೆ ಹೋಗಿ ತುದಿಯಲ್ಲಿ ಮಾತ್ರ ಬಿಸಿ ಬಿಡುತ್ತವೆ. ಮೇಲ್ಪದರ ಹೆಚ್ಚು ಸುಡದ ಕಾರಣ ಕಪ್ಪಾಗುವ ಭಯ ಕಡಿಮೆ. ನನಗೆ ಕಪ್ಪಾಗಲಿಲ್ಲ. ಫಲ ಸಾಧಾರಣ.

ಖರ್ಚು ಕೇಳುವವರಿಗೆ ನಾನು ಕೊಟ್ಟ ದರ ಹೇಳುತ್ತೇನೆ, ನಿಮ್ಮೂರಿನಲ್ಲಿ ಬೇರೆ ಇರುತ್ತದೆ: ಲೇಸರ್ ಪ್ರತಿ ಸಲ ಒಂಬತ್ತು ಸಾವಿರದ ಆಸುಪಾಸು, ಸೂಜಿ ರೇಡಿಯೋ ಫ್ರೀಕ್ವೆನ್ಸಿ ಏಳು, ಸಬ್‌ಸಿಷನ್ ಐದು, ಟಿಸಿಎ ಎರಡು ಸಾವಿರಕ್ಕೂ ಕಡಿಮೆ. ಬಿಲ್ಲಿನ ಮೇಲೆ ಶೇ 18 ಜಿಎಸ್‌ಟಿ ಬೇರೆ ಸೇರಿತ್ತು. ಸೌಂದರ್ಯ ಚಿಕಿತ್ಸೆ ಎಂಬ ಕಾರಣಕ್ಕೆ ನನ್ನ ಆರೋಗ್ಯ ವಿಮೆಯಿಂದ ಒಂದು ಪೈಸೆಯೂ ಬರಲಿಲ್ಲ. ಬೆಂಗಳೂರಿಗೆ ಹೋಗಿ ಬರುವ ರೈಲಿನ ಖರ್ಚು ಸೇರಿಸಿದರೂ ಎರಡನೆಯ ಡಾಕ್ಟರ ಬಿಲ್ಲೇ ಕಡಿಮೆ. ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗದಲ್ಲೂ ಒಮ್ಮೆ ವಿಚಾರಿಸಿ ನೋಡಿ; ಯಂತ್ರ ಇರಲಿ ಬಿಡಲಿ, ಗುಳಿ ಯಾವ ಬಗೆಯದು ಎಂದು ಹೇಳಲು ಅಲ್ಲಿ ತಜ್ಞರಿದ್ದಾರೆ.

ದುಡ್ಡು ಕಟ್ಟುವ ಮೊದಲು ನೋಡಬೇಕಾದ ಕೆಲವು ಸಂಗತಿಗಳಿವೆ. ಬೋರ್ಡಿನ ಮೇಲೆ ‘ಕಾಸ್ಮೆಟಾಲಜಿಸ್ಟ್’ ಎಂದಿದ್ದರೆ ಸಾಲದು, ಚರ್ಮರೋಗದಲ್ಲಿ ಎಂ.ಡಿ., ಡಿಎನ್‌ಬಿ ಅಥವಾ ಡಿಪ್ಲೊಮಾ ಇದೆಯೇ ನೋಡಿ. ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಕೇಳಿದರೆ ನಿಜವಾದ ವೈದ್ಯರು ಸಿಡುಕುವುದಿಲ್ಲ. ರಾಜ್ಯದಲ್ಲಿ ಖಾಸಗಿ ಕ್ಲಿನಿಕ್ಕುಗಳು ಕೆಪಿಎಂಇ (ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ) ಕಾಯ್ದೆಯ ಪ್ರಕಾರ ನೋಂದಣಿ ಮಾಡಿಸಿರಬೇಕು, ದರಪಟ್ಟಿಯನ್ನೂ ಪ್ರದರ್ಶಿಸಬೇಕು. ಗೋಡೆಯ ಮೇಲೆ ಕಣ್ಣಾಡಿಸಿ. ತುಟಿಯ ಮೇಲೆ ಆಗಾಗ ನೀರುಗುಳ್ಳೆ ಏಳುತ್ತದೆಯೇ, ಗಾಯ ಮಾಯ್ದ ಮೇಲೆ ಉಬ್ಬಿ ಗಂಟಾಗುತ್ತದೆಯೇ ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಲೇಸರ್‌ಗೆ ಮಲಗಿಸುವವರಿದ್ದರೆ ಎದ್ದು ಬನ್ನಿ.

ಅವರು ತೋರಿಸುವ ‘ಮೊದಲು–ನಂತರ’ ಫೋಟೋಗಳನ್ನೂ ಓರೆ ಬೆಳಕಿನ ಕಣ್ಣಿನಿಂದಲೇ ನೋಡಿ. ಎದುರಿನಿಂದ ರಿಂಗ್ ಲೈಟ್ ಹಾಕಿದರೆ ನನ್ನ ಹಳೆಯ ಮುಖವೂ ನುಣ್ಣಗೆ ಕಾಣುತ್ತಿತ್ತು. ನಾನು ಮನೆಯ ಒಂದೇ ಕಿಟಕಿಯ ಪಕ್ಕದಲ್ಲಿ, ಬೆಳಗಿನ ಒಂದೇ ಹೊತ್ತಿಗೆ, ಫಿಲ್ಟರ್ ಇಲ್ಲದೆ ಫೋಟೋ ತೆಗೆದಿಟ್ಟುಕೊಂಡೆ. ಯಾವುದು ಕೆಲಸ ಮಾಡಿತು ಎಂಬ ನನ್ನ ಮಾತಿಗೆಲ್ಲ ಅವೇ ಆಧಾರ. ಒಂದು ಎಚ್ಚರಿಕೆ: ಕೊಲಾಜೆನ್ ಬೆಳೆಯಲು ತಿಂಗಳುಗಳೇ ಬೇಕು. ಎರಡನೆಯ ವಾರದ ಊತವನ್ನು ಫಲಿತಾಂಶವೆಂದು ನಂಬಿದರೆ ಆರನೆಯ ವಾರ ನಿರಾಶೆ ಖಚಿತ.

ಸನ್‌ಸ್ಕ್ರೀನ್ ವಿಷಯ ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ, ಒಂದು ಸೇರ್ಪಡೆಯೊಂದಿಗೆ. ಕಂದು ಚರ್ಮವನ್ನು ಕಪ್ಪಾಗಿಸುವುದು ನೇರಳಾತೀತ ಕಿರಣ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ. ಅದನ್ನು ತಡೆಯುವುದು ಐರನ್ ಆಕ್ಸೈಡ್ ಇರುವ, ಬಣ್ಣದ ಸನ್‌ಸ್ಕ್ರೀನ್. ಹಚ್ಚಿಕೊಂಡ ಮೊದಲ ದಿನ ಪೌಡರ್ ಬಳಿದಂತೆ ಕಾಣುತ್ತದೆಂದು ಮುಜುಗರವಾಯಿತು, ಆಮೇಲೆ ರೂಢಿಯಾಯಿತು. ಮೆಡಿಕಲ್ ಶಾಪಿನಲ್ಲಿ ‘ಕಲೆಗೆ ಕೊಡಿ’ ಎಂದರೆ ಚೀಟಿಯಿಲ್ಲದೆ ಕೈಗಿಡುವ ಸ್ಟಿರಾಯ್ಡ್ ಮಿಶ್ರಿತ ಕ್ರೀಮನ್ನಂತೂ ಮುಟ್ಟಬೇಡಿ. ವಾರದಲ್ಲಿ ಬೆಳ್ಳಗೆ ಮಾಡುತ್ತದೆ, ತಿಂಗಳುಗಳಲ್ಲಿ ಚರ್ಮ ತೆಳುವಾಗಿ ಕೆಂಪು ನರ ಕಾಣಿಸತೊಡಗುತ್ತದೆ, ಬಿಟ್ಟರೆ ಉರಿ, ಮತ್ತೆ ಮೊಡವೆ.

ಅಂಕ ಕೊಡುವುದು ನನ್ನ ವೃತ್ತಿಯಾದ್ದರಿಂದ ಐದಕ್ಕೆ ಇಷ್ಟು: ಸಬ್‌ಸಿಷನ್‌ಗೆ ನಾಲ್ಕೂವರೆ, ಟಿಸಿಎಗೆ ನಾಲ್ಕು, ಸೂಜಿ ರೇಡಿಯೋ ಫ್ರೀಕ್ವೆನ್ಸಿಗೆ ಮೂರು, ಲೇಸರ್‌ಗೆ ಎರಡೂವರೆ. ಸರಿಯಾದ ಕೈ, ಸರಿಯಾದ ಕಾಲ, ಬಾಕ್ಸ್‌ಕಾರ್ ಹೆಚ್ಚಿರುವ ಮುಖ, ಮೂರೂ ಕೂಡಿದರೆ ಲೇಸರ್‌ಗೆ ಇನ್ನೂ ಒಂದು ಅಂಕ ಸಿಗುತ್ತಿತ್ತೇನೋ. ನನ್ನ ಡಾಕ್ಟರು ಇನ್ನೊಂದು ಸುತ್ತು ಮಾಡಬಹುದು, ಆದರೆ ಲಾಭ ಕಡಿಮೆ ಎಂದು ಅವರೇ ಹೇಳಿದರು. ನಾನು ಅಲ್ಲಿಗೆ ನಿಲ್ಲಿಸಿದೆ.

ಮೊದಲ ಕ್ಲಿನಿಕ್ಕಿನ ಪ್ಯಾಕೇಜಿನಲ್ಲಿ ಬಾಕಿ ಉಳಿದ ಸಿಟ್ಟಿಂಗ್‌ಗಳ ಹಣ ವಾಪಸು ಬರಲಿಲ್ಲ. ‘ಪಾಲಿಸಿ ಇಲ್ಲ ಸರ್, ಬೇಕಾದರೆ ಮನೆಯವರಿಗೆ ಫೇಶಿಯಲ್ ಆಗಿ ಬದಲಾಯಿಸಿಕೊಡುತ್ತೇವೆ’ ಎಂದರು. ಹೆಂಡತಿ ಹೋಗಿ ಮಾಡಿಸಿಕೊಂಡು ಬಂದಳು. ಚೆನ್ನಾಗಿತ್ತಂತೆ.