ಬಳ್ಳಾರಿಯಲ್ಲಿ ಹಳೇ ಸ್ವಿಚ್ ಕೊಳ್ಳೋರು ದುಡ್ಡು ಎಣಿಸೋಕೆ ಮುಂಚೆ ಇದನ್ನ ಓದಿ

ಒಂದು ಜೀನ್ಸ್ ಯೂನಿಟ್‌ಗೆ ಅಂತ ಬಳ್ಳಾರಿಯ ಅಂಗಡಿಯೊಂದರಿಂದ ತಂದದ್ದು ಸಿಸ್ಕೋ ಕ್ಯಾಟಲಿಸ್ಟ್ 3850, 48 ಪೋರ್ಟಿನ ನೆಟ್‌ವರ್ಕ್ ಸ್ವಿಚ್ (ಕಂಪ್ಯೂಟರುಗಳನ್ನ ಒಂದಕ್ಕೊಂದು ಜೋಡಿಸೋ ಪೆಟ್ಟಿಗೆ). 32,000 ರೂಪಾಯಿ. ಬಿಲ್ಲಿನ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟಿದ್ದರು: "ಫ್ಯಾಕ್ಟರಿ ರಿಸೆಟ್, ಫರ್ಮ್‌ವೇರ್ ಲೇಟೆಸ್ಟ್." ಅಂದ್ರೆ ಹಳೇ ಸೆಟ್ಟಿಂಗ್ ಎಲ್ಲಾ ಅಳಿಸಿದೆ, ಒಳಗಿನ ಸಾಫ್ಟ್‌ವೇರ್ ಹೊಸದು ಅಂತ. ಎರಡೂ ಸುಳ್ಳು. ನೋಡದೇ ರ‍್ಯಾಕಿಗೆ ಏರಿಸಿದ್ದು ನಮ್ಮ ತಪ್ಪು, ನಾಚಿಕೆ ಆಗುತ್ತೆ. ಇನ್ನೊಬ್ಬರು ಹೀಗೆ ಬೀಳಬಾರದು ಅಂತ ಬರೀತಿದ್ದೀನಿ.

ಹನ್ನೊಂದು ದಿನ ಆದ ಮೇಲೆ ಕನ್ಸೋಲ್ ಕೇಬಲ್ (ಲ್ಯಾಪ್‌ಟಾಪಿನಿಂದ ಸ್ವಿಚ್ಚಿಗೆ ನೇರ ಕಮಾಂಡ್ ಕೊಡೋ ಕೇಬಲ್) ಹಾಕಿ "ಶೋ ವಿಲ್ಯಾನ್ ಬ್ರೀಫ್" ಕೊಟ್ಟರೆ ಸ್ಟೋರ್ಸ್, ವೇಬ್ರಿಡ್ಜ್, ಕ್ಯಾಂಟೀನ್ ಅಂತ ಹೆಸರುಗಳು ಬಂದವು. ಪ್ಯಾಂಟು ಹೊಲಿಯೋ ಜಾಗದಲ್ಲಿ ವೇಬ್ರಿಡ್ಜ್ ಎಲ್ಲಿದೆ? ಯಾವುದೋ ಕಾರ್ಖಾನೆಯ ವಿಲ್ಯಾನ್‌ಗಳು (ಒಂದೇ ಸ್ವಿಚ್ಚಿನೊಳಗೆ ಮಾಡಿದ ಬೇರೆ ಬೇರೆ ನೆಟ್‌ವರ್ಕ್ ಭಾಗಗಳು) ಹಾಗೇ ಕೂತಿದ್ದವು. ಸೆಟ್ಟಿಂಗ್ ಅಳಿಸೋ "ರೈಟ್ ಇರೇಸ್" ಕಮಾಂಡ್ ಕೊಟ್ಟರೂ ಫ್ಲ್ಯಾಶ್‌ನಲ್ಲಿರೋ ವಿಲ್ಯಾನ್ ಡಾಟ್ ಡ್ಯಾಟ್ ಫೈಲು ಹೋಗಲ್ಲ, ಅದನ್ನ ಬೇರೆಯಾಗಿ ಅಳಿಸಬೇಕು. ಇಷ್ಟೇ ಆಗಿದ್ದರೆ ಬಿಡಬಹುದಿತ್ತು. ಸೆಟ್ಟಿಂಗ್‌ನಲ್ಲಿರೋ ಯೂಸರ್‌ನೇಮ್ ಸಾಲುಗಳನ್ನ ತೆರೆದು ನೋಡಿದರೆ ಎರಡು ಖಾತೆ, ಎರಡೂ ಪ್ರಿವಿಲೇಜ್ 15, ಅಂದ್ರೆ ಪೂರ್ತಿ ಅಧಿಕಾರದವು. ಒಂದು ನಾವು ಮಾಡಿದ್ದು. ಇನ್ನೊಂದು ಯಾರದು? ಹೊಟ್ಟೆಯಲ್ಲಿ ಕಲ್ಲು ಬಿದ್ದ ಹಾಗಾಯ್ತು. "ಶೋ ವರ್ಷನ್" ಕೊಟ್ಟರೆ 16.3 ಸಾಲಿನ ಐಒಎಸ್ ಎಕ್ಸ್‌ಇ (ಸ್ವಿಚ್ ಓಡಿಸೋ ಸಿಸ್ಕೋ ಸಾಫ್ಟ್‌ವೇರ್). ಇದು ಲೇಟೆಸ್ಟ್ ಅಂತೆ!

ಇದರ ಅಪಾಯ ಗೊತ್ತಿಲ್ಲದವರಿಗೆ: 2023ರ ಅಕ್ಟೋಬರ್‌ನಲ್ಲಿ ಹೊರಬಂದ ಸಿವಿಇ-2023-20198 (ಭದ್ರತಾ ದೋಷಕ್ಕೆ ಕೊಟ್ಟ ನಂಬರು) ಐಒಎಸ್ ಎಕ್ಸ್‌ಇಯ ವೆಬ್ ಯುಐನಲ್ಲಿ, ಅಂದ್ರೆ ಬ್ರೌಸರಿನಿಂದ ಸ್ವಿಚ್ ನಿಭಾಯಿಸೋ ಪುಟದಲ್ಲಿರೋ ತೂತು. ತೀವ್ರತೆ 10ಕ್ಕೆ 10. ವೆಬ್ ಪುಟ ಹೊರಗಿನಿಂದ ಸಿಗುವಂತಿದ್ದರೆ ಸಾಕು, ಪಾಸ್‌ವರ್ಡ್ ಇಲ್ಲದೇ ಪ್ರಿವಿಲೇಜ್ 15 ಖಾತೆ ಸೃಷ್ಟಿಸಬಹುದು. 3650, 3850 ಮಾದರಿಗಳಿಗೆ ಇದನ್ನ ಮುಚ್ಚಿದ್ದು 16.12.10ಎ ವರ್ಷನ್. ಅಂಗಡಿಯ ಹುಡುಗ ಬಂದು ಇಂಟರ್ನೆಟ್ಟಿನ ಸ್ಟ್ಯಾಟಿಕ್ ಐಪಿಯನ್ನ (ಬದಲಾಗದ ವಿಳಾಸ) ನೇರ ಇದೇ ಸ್ವಿಚ್ಚಿಗೆ ಹಾಕಿ, ವೆಬ್ ಯುಐ ತೆರೆದಿಟ್ಟೇ ಹೋಗಿದ್ದ. ಜೊತೆಗೆ ದೂರದಿಂದ ಸ್ವಿಚ್ ಸೆಟಪ್ ಮಾಡೋ ಸ್ಮಾರ್ಟ್ ಇನ್‌ಸ್ಟಾಲ್‌ನ ಟಿಸಿಪಿ 4786 ಪೋರ್ಟೂ ತೆರೆದೇ ಇತ್ತು. 2018ರಿಂದ ಎಲ್ಲರಿಗೂ ಗೊತ್ತಿರೋ ಬಾಗಿಲು ಅದು.

ಫೋನ್ ಮಾಡಿದೆವು. ಮೊದಲ ಉತ್ತರ: "ಸರ್, ಲೈಟ್ ಎಲ್ಲಾ ಹತ್ತತಾವಲ್ಲ, ನೆಟ್ ಬರ್ತೈತಲ್ಲ, ಮತ್ತೇನ್ ಪ್ರಾಬ್ಲಮ್?" ಆ ಎರಡನೇ ಖಾತೆ ಯಾರದು ಅಂತ ಕೇಳಿದರೆ, "ನಮ್ಮ ಹುಡುಗಂದು ಇರಬೇಕು, ಆಫ್ ಮಾಡಿ ಆನ್ ಮಾಡ್ರಿ." ಆಫ್ ಮಾಡಿ ಆನ್ ಮಾಡಬೇಕಂತೆ! 2023ರ ಆ ದಾಳಿಗಳಲ್ಲಿ ಒಳಗೆ ಕೂರಿಸಿದ ಇಂಪ್ಲಾಂಟ್ (ಕಳ್ಳ ಪ್ರೋಗ್ರಾಂ) ರೀಬೂಟ್ ಆದರೆ ಅಳಿದುಹೋಗುತ್ತೆ, ಸೃಷ್ಟಿಸಿದ ಖಾತೆ ಮಾತ್ರ ಉಳಿಯುತ್ತೆ. ಅಂದ್ರೆ ಸಾಕ್ಷಿ ಹೋಗುತ್ತೆ, ಕಳ್ಳನ ಕೀಲಿ ಇರುತ್ತೆ. ಅಪ್‌ಡೇಟ್ ಕೊಡಿ ಅಂದಿದ್ದಕ್ಕೆ, "ಪೆನ್‌ಡ್ರೈವ್‌ನಾಗೆ ಹಾಕ್ಕೊಡ್ತೀನಿ ಬರ್ರಿ." ಎಲ್ಲಿಂದ ಇಳಿಸಿದ್ದು? ಉತ್ತರ ಇಲ್ಲ. ಆಮೇಲೆ ಫೋನೂ ಎತ್ತಲಿಲ್ಲ.

ಮೋಸ ಹೋದೆವು ಅಂತ ನಿಜವಾಗಿ ಅನಿಸಿದ್ದು ಅದಾದ ಮೇಲೆ. ಪೆಟ್ಟಿಗೆ ಕೈ ಬದಲಾದರೂ ಸಿಸ್ಕೋ ಸಾಫ್ಟ್‌ವೇರ್ ಲೈಸೆನ್ಸ್ ಜೊತೆಗೆ ಬರಲ್ಲ, ಅದು ಮೊದಲು ಕೊಂಡವರದೇ. ಇದು ಮಾರೋರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ "ಲೇಟೆಸ್ಟ್" ಅಂತ ಬರೀತಾರೆ.

ಹಳೇದು ಕೊಳ್ಳಲೇಬೇಕಾದರೆ ಲ್ಯಾಪ್‌ಟಾಪ್, ಕನ್ಸೋಲ್ ಕೇಬಲ್ ಹಿಡಿದೇ ಅಂಗಡಿಗೆ ಹೋಗಿ. ಶೋ ವರ್ಷನ್ ನೋಡಿ, ಸೀರಿಯಲ್ ನಂಬರು ಹಿಂದಿನ ಸ್ಟಿಕ್ಕರ್‌ಗೆ ಹೊಂದುತ್ತಾ ನೋಡಿ, ವರ್ಷನ್ ನಂಬರನ್ನೇ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಈಗಾಗಲೇ ತಂದಿದ್ದರೆ ಮೊದಲು ಇಂಟರ್ನೆಟ್ ಕೇಬಲ್ ಕಿತ್ತು, ಕಾನ್ಫಿಗ್ ಮತ್ತು ಲಾಗ್ ಉಳಿಸಿಕೊಳ್ಳಿ, ರೀಬೂಟ್ ಆಮೇಲೆ. ವೆಬ್ ಯುಐ ಮುಚ್ಚೋಕೆ "ನೋ ಐಪಿ ಎಚ್‌ಟಿಟಿಪಿ ಸರ್ವರ್", "ನೋ ಐಪಿ ಎಚ್‌ಟಿಟಿಪಿ ಸೆಕ್ಯೂರ್-ಸರ್ವರ್" ಎರಡೂ ಹಾಕಿ. ಒಂದೇ ಹಾಕಿದರೆ ಇನ್ನೊಂದು ತೆರೆದೇ ಇರುತ್ತೆ. ಸ್ಮಾರ್ಟ್ ಇನ್‌ಸ್ಟಾಲ್ ಮುಚ್ಚೋಕೆ "ನೋ ವಿಸ್ಟ್ಯಾಕ್" ಕೊಡಿ. ಯಾರೋ ಕೊಟ್ಟ ಫರ್ಮ್‌ವೇರ್ ಫೈಲನ್ನ, ಸಿಸ್ಕೋ ಪುಟದಲ್ಲಿರೋ ಹ್ಯಾಶ್‌ಗೆ (ಫೈಲಿನ ಬೆರಳಚ್ಚಿನಂಥ ಕೋಡು) ತಾಳೆ ಆಗದೇ ಹಾಕಲೇಬೇಡಿ. ಅಪ್‌ಗ್ರೇಡ್ ಮಾಡುವಾಗ ಯುಪಿಎಸ್ ಇರಲಿ, ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ.

ಆ ಅಂಗಡಿಯಲ್ಲಿ ಅದೇ ಮಾದರಿಯವು ಇನ್ನೂ ನಾಲ್ಕು ಕಟ್ಟಿಟ್ಟಿದ್ದರು. "ಗಂಗಾವತಿ ರೈಸ್ ಮಿಲ್‌ಗೆ ಹೋಗ್ತಾವೆ" ಅಂದಿದ್ದರು. ಮಿಲ್‌ನವರೇ, ಇದು ಕಣ್ಣಿಗೆ ಬಿದ್ದರೆ ಇವತ್ತೇ ಯೂಸರ್‌ನೇಮ್ ಸಾಲುಗಳನ್ನ ತೆರೆದು ನೋಡಿ.